ತೆಂಗಿನೆಣ್ಣೆಯ ಚಿತ್ರ

ಇಲ್ಲ, ಆ ಕೊಕ್ಕೆ ಅಡುಗೆಕೋಣೆಯಲ್ಲಿ ಇರಲಿಲ್ಲ. ಹೊರಗಿನ ಕೋಣೆಯಲ್ಲೇ ಇದ್ದಿರಬೇಕು, ಯಾಕೆಂದರೆ ಚಿತ್ರವನ್ನು ಅದಕ್ಕೆ ತೂಗುಹಾಕಿದ್ದ ದಿನಗಳಲ್ಲಿ ಚಾಳಿನ ಬಾಗಿಲುಗಳ ಮುಂದಿನ ಗ್ಯಾಲರಿಯಲ್ಲಿ ಹಾದುಹೋಗುವವರೆಲ್ಲ ನಮ್ಮ ಬಾಗಿಲಲ್ಲಿ ಒಂದು ಗಳಿಗೆ ನಿಂತು ನೋಡುತ್ತಿದ್ದರು, ಮತ್ತು ಬಾಗಿಲಲ್ಲಿ ನಿಂತವರಿಗೆ ಅಡುಗೆಕೋಣೆ ಕಾಣುತ್ತಿರಲಿಲ್ಲ. ಆದರೂ ಕಣ್ಣು ಮುಚ್ಚಿದರೆ ನನಗೆ ಕಾಣುವುದು ಬೇರೆ. ಸ್ಟೌವಿನ ಮೇಲೆ ಗಂಜಿ ಕುದಿಯುತ್ತಿದೆ, ಅದರ ಆವಿಯಲ್ಲಿ ಚಿತ್ರ ಮೆಲ್ಲಗೆ ತಿರುಗುತ್ತಿದೆ, ಚಿತ್ರದೊಳಗಿನ ಹೆಂಗಸು ಒಮ್ಮೆ ನಮ್ಮ ಕಡೆಗೆ, ಒಮ್ಮೆ ಗೋಡೆಯ ಕಡೆಗೆ. ಎರಡರಲ್ಲಿ ಒಂದು ನಾನು ಆಮೇಲೆ ಕಟ್ಟಿಕೊಂಡದ್ದು. ಯಾವುದೆಂದು ಕೇಳೋಣವೆಂದರೆ ಆ ಮನೆಯಲ್ಲಿದ್ದವರಲ್ಲಿ ಉಳಿದಿರುವವಳು ನಾನೊಬ್ಬಳೇ, ಮತ್ತು ನನ್ನನ್ನು ಕೇಳಿ ಪ್ರಯೋಜನವಿಲ್ಲ.

ಮನೆಯೆಂದರೆ ಡೊಂಬಿವಲಿ ಪೂರ್ವದ ಒಂದು ಚಾಳಿನ ಮಾಳಿಗೆಯಲ್ಲಿ ಎರಡು ಕೋಣೆ. ಹೊರಗಿನದರಲ್ಲಿ ಒಂದು ಕಬ್ಬಿಣದ ಮಂಚ, ಅದರ ಕೆಳಗೆ ಅಮ್ಮನ ಮದುವೆಯ ಟ್ರಂಕು. ಒಳಗಿನದರಲ್ಲಿ ಒಲೆಯ ಕಟ್ಟೆ, ನೀರಿನ ಪೀಪಾಯಿ, ಮೂಲೆಯಲ್ಲಿ ಮೋರಿ. ಮೀಯುವುದೂ ಅಲ್ಲೇ, ಪಾತ್ರೆ ತೊಳೆಯುವುದೂ ಅಲ್ಲೇ. ಹತ್ತಿರದ ಹಳಿಯಲ್ಲಿ ಫಾಸ್ಟ್ ಗಾಡಿ ಹೋದಾಗ ಕಪಾಟಿನ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಅಪ್ಪ ಠಾಣೆಯ ಕೋಪರಿಯಲ್ಲಿ, ಸ್ಟೇಷನ್ನಿಗೆ ತಾಗಿಕೊಂಡಿದ್ದ ಒಂದು ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ. ಹೋಟೆಲಿನ ಕಪ್ಪು ಹಲಗೆಯ ಮೇಲೆ ಅಂದಂದಿನ ತಿಂಡಿಗಳ ಹೆಸರು ಬರೆಯುವುದೂ ಅವನ ಕೆಲಸವಾಗಿತ್ತು. ಹೆಸರಿನ ಪಕ್ಕದಲ್ಲಿ ಆವಿ ಏಳುವ ಇಡ್ಲಿಯನ್ನೋ ಮಡಚಿದ ದೋಸೆಯನ್ನೋ ಬಿಡಿಸುತ್ತಿದ್ದ, ಸಂಜೆ ಒರೆಸುತ್ತಿದ್ದ. ಮನೆಯಲ್ಲಿ ನಾವು ಆಡುತ್ತಿದ್ದುದು ತುಳು. ಗ್ಯಾಲರಿಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ, ಓದುವುದಕ್ಕೂ ಸಿನಿಮಾಕ್ಕೂ ಕನ್ನಡ. ಈ ಬರಹದಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಮಾತಾಡುತ್ತಾರೆ. ಅಂದರೆ ನಾನು ಬರೆಯುವ ಅವರ ಒಂದು ಮಾತೂ ಅವರ ಬಾಯಿಂದ ಬಂದದ್ದಲ್ಲ. ಓದುವವರು ಇದನ್ನು ಮರೆಯಬಹುದು, ನಾನು ಮರೆಯಬಾರದು.

ಕೊಕ್ಕೆ ಇದ್ದದ್ದು ತೊಟ್ಟಿಲಿಗೆ. ಮೊದಲು ಅದರಲ್ಲಿ ನಾನು ಮಲಗಿದ್ದೆನಂತೆ, ಆಮೇಲೆ ನನ್ನ ತಮ್ಮ. ಅವನು ಮಗುಚಿಕೊಳ್ಳಲು ಕಲಿತಿದ್ದ, ಅಂಬೆಗಾಲಿಗೆ ಇನ್ನೂ ಬಂದಿರಲಿಲ್ಲ. ಮಳೆಗಾಲದ ಒಂದು ಜ್ವರದಲ್ಲಿ ಹೋಗಿಬಿಟ್ಟ. ಅಪ್ಪ ತೊಟ್ಟಿಲನ್ನು ಇಳಿಸಿ ಯಾರಿಗೋ ಕೊಟ್ಟ. ಕೊಕ್ಕೆಯನ್ನು ತೆಗೆಯಬೇಕಾದರೆ ತೊಲೆಯನ್ನೇ ಕೆತ್ತಬೇಕಿತ್ತು, ಹಾಗಾಗಿ ಅದು ಉಳಿಯಿತು. ಅಮ್ಮ ಮಾತು ಬಿಟ್ಟಳು. ಪೂರ್ತಿ ಬಿಡಲಿಲ್ಲ, ಊಟ, ನೀರು ಬಂತು, ಬಾಗಿಲು ಹಾಕು, ಇಷ್ಟನ್ನು ಉಳಿಸಿಕೊಂಡಳು. ಬಂಗಡೆ ಹುರಿಯುವುದನ್ನು ನಿಲ್ಲಿಸಿದಳು, ಸಾರಿಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದಳು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಮತ್ತೆ ಗಂಜಿ. ಪಕ್ಕದ ಕೋಣೆಯ ಸುಲಭಾ ಕಾಕು ಮಧ್ಯಾಹ್ನ ಬಂದು ಹೊಸ್ತಿಲ ಮೇಲೆ ಕೂತು ಅಕ್ಕಿ ಆರಿಸುತ್ತ ತನ್ನಷ್ಟಕ್ಕೆ ತಾನೇ ಮರಾಠಿಯಲ್ಲಿ ಮಾತಾಡಿ ಎದ್ದು ಹೋಗುತ್ತಿದ್ದಳು. ಕಾಕು ಹೋದದ್ದು ಅಮ್ಮನಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಊರಿನಿಂದ ಅಮ್ಮನ ತಾಯಿ ಹೇಳಿ ಕಳಿಸಿದ್ದಳು, ಬಂದುಬಿಡು ಎಂದು. ಅಮ್ಮ ಅದಕ್ಕೂ ಏನನ್ನೂ ಹೇಳಿರಲಿಲ್ಲ.

ಆಗ ಅಪ್ಪ ನಮ್ಮನ್ನು ಸಿನಿಮಾಕ್ಕೆ ಕರೆದುಕೊಂಡು ಹೋದ. ನಮ್ಮ ಕಡೆಯ ಕೆಲವರು ಸೇರಿ ಆದಿತ್ಯವಾರ ಬೆಳಿಗ್ಗೆ ಒಂದೊಂದು ಕನ್ನಡ ಚಿತ್ರ ತರಿಸುತ್ತಿದ್ದರು. ಒಂದೇ ಪ್ರಿಂಟು, ಎರಡು ಊರು. ಠಾಣೆಯಲ್ಲಿ ಆಟ ಮೊದಲೇ ಶುರುವಾಗುತ್ತಿತ್ತು, ಅಲ್ಲಿ ಓಡಿ ಮುಗಿದ ರೀಲನ್ನು ಡಬ್ಬಿಗೆ ತುಂಬಿಸಿ ಲೋಕಲ್ ಗಾಡಿಯಲ್ಲಿ ಡೊಂಬಿವಲಿಗೆ ತರುತ್ತಿದ್ದರು. ಆ ಸಿನಿಮಾದ ಹೆಸರು ಬರೆಯುವುದಿಲ್ಲ. ನನಗೆ ಎರಡು ಹೆಸರು ನೆನಪಾಗುತ್ತವೆ, ಎರಡೂ ತಪ್ಪಿರಬಹುದು. ಉಪ್ಪಿನ ಆಗರಗಳಿದ್ದ ಒಂದು ಊರು, ಅಲ್ಲಿಗೆ ಮದುವೆಯಾಗಿ ಬಂದ ಹೆಂಗಸು. ಇಡೀ ಸಿನಿಮಾದಲ್ಲಿ ಅವಳು ಉಪ್ಪು ಬಾಚುತ್ತಾಳೆ. ಕೊನೆಗೆ ಒಂದು ಸಣ್ಣ ಪೆಟ್ಟಿಗೆ ಹಿಡಿದುಕೊಂಡು ಕಡವಿಗೆ ಬರುತ್ತಾಳೆ, ಒಂದು ಕಾಲು ದೋಣಿಯಲ್ಲಿ, ಇನ್ನೊಂದು ಕೆಸರಿನಲ್ಲಿ. ಹಿಂದಿನಿಂದ ಯಾರೋ ಕೂಗುತ್ತಾರೆ. ಅವಳು ತಿರುಗಲು ಹೊರಡುತ್ತಾಳೆ. ಅಷ್ಟರಲ್ಲಿ ಪರದೆ ಬೆಳ್ಳಗಾಯಿತು. ಕೊನೆಯ ರೀಲು ಬಂದಿರಲಿಲ್ಲ. ಜನ ಸೀಟಿ ಹಾಕಿದರು, ಕಾದರು, ಕಡಲೆ ತಿಂದರು. ಮುಂದಿನ ಹಿಂದಿ ಆಟಕ್ಕೆ ಹೊರಗೆ ಸಾಲು ನಿಂತಿತ್ತು. ನಮ್ಮನ್ನು ಎಬ್ಬಿಸಿ ಕಳಿಸಿದರು.

ಸ್ಟೇಷನ್ನಿನ ಸೇತುವೆಯ ಮೆಟ್ಟಿಲಲ್ಲಿ ಎದುರಿಗೆ ಸಂಗಪ್ಪ ಸಿಕ್ಕಿದ. ಇದು ನಡೆಯಿತು ಎಂದು ನಾನು ನಂಬಿದ್ದೇನೆ, ಆದರೆ ಇಷ್ಟು ಸರಿಯಾಗಿ ಎದುರಿಗೇ ಸಿಕ್ಕಿದನೇ ಎಂದು ಯಾರಾದರೂ ಕೇಳಿದರೆ ಉತ್ತರವಿಲ್ಲ. ವಿಜಾಪುರದ ಕಡೆಯವನು, ಠಾಣೆ ಸ್ಟೇಷನ್ನಿನಲ್ಲಿ ಹೊರೆ ಹೊರುತ್ತಿದ್ದ, ಅಪ್ಪನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ. ಅವನ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಚಪ್ಪಟೆ ತಗಡಿನ ಡಬ್ಬಿ.

"ಗಾಡಿ ದಿವಾ ಸ್ಟೇಷನ್ನಾಗ ನಿಂತಬಿಡ್ತರಿ ಮ್ಯಾನೇಜರ ಸಾಹೇಬ್ರ. ನಾ ಏನ್ ಮಾಡ್ಲಿ, ಇಳದು ನೂಕ್ಲೇನ್?"

ಅಪ್ಪ ನಕ್ಕ. ಅಮ್ಮ ಒಂದು ಮೆಟ್ಟಿಲು ಮೇಲೆ ಹತ್ತಿ ಆ ಡಬ್ಬಿಯನ್ನು ಮುಟ್ಟಿದಳು.

"ಇದರಲ್ಲಿ ಎಂತ ಉಂಟು?"

"ಕಡೀ ರೀಲ್ ಐತ್ರಿ ಅಕ್ಕಾರ."

"ಅವಳು ದೋಣಿ ಹತ್ತುತ್ತಾಳಾ?"

"ಯಾರ್ರಿ?"

"ಅವಳು. ಆ ಹೆಂಗಸು."

"ನಾ ಡಬ್ಬಿ ಹೊರಾಂವ್ರಿ ಅಕ್ಕಾರ. ಒಳಗ ಯಾರ್ ಹತ್ತತಾರ, ಯಾರ್ ಇಳೀತಾರ, ನನಗೇನ್ ಗೊತ್ರಿ."

ಅವನು ಇಳಿದು ಹೋದ. ಜನರ ತಲೆಗಳ ಮೇಲೆ ಆ ಡಬ್ಬಿ ಸ್ವಲ್ಪ ದೂರ ಕಾಣುತ್ತಿತ್ತು. ಅಮ್ಮ ಅದು ಮರೆಯಾಗುವವರೆಗೂ ನೋಡಿದಳು, ಆಮೇಲೆ ನಡೆಯುತ್ತ, ಯಾರನ್ನೂ ನೋಡದೆ, ಆ ಮಳೆಗಾಲದ ನಂತರದ ಪ್ರಶ್ನೆಯಲ್ಲದ ತನ್ನ ಮೊದಲ ಪೂರ್ತಿ ವಾಕ್ಯವನ್ನು ಹೇಳಿದಳು.

"ಅವಳು ಹತ್ತಿಯೇ ಹತ್ತುತ್ತಾಳೆ."

"ಹತ್ತಿದರೆ ಮನೆ?" ಎಂದ ಅಪ್ಪ.

"ಮನೆ ಅಲ್ಲೇ ಇರ್ತದೆ. ಮನೆ ಎಲ್ಲಿಗೆ ಹೋಗ್ತದೆ?"

ಕೊನೆಯವರೆಗೂ, ನಿನ್ನ ಇಷ್ಟದ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ಅಮ್ಮ ಇದನ್ನೇ ಹೇಳುತ್ತಿದ್ದಳು, ಕೊನೆಯನ್ನೇ ನೋಡಿರದ ಈ ಸಿನಿಮಾವನ್ನು. ಆ ವಾರವೆಲ್ಲ ಅವರಿಬ್ಬರೂ ಅದರ ಬಗ್ಗೆ ವಾದ ಮಾಡಿದರು. ತಿಂಗಳುಗಳಿಂದ ಸದ್ದಿಲ್ಲದ ಮನೆಯಲ್ಲಿ ಜಗಳವೂ ಹಬ್ಬದ ಹಾಗೆ ಕೇಳಿಸುತ್ತಿತ್ತು. ನಾನು ಮಂಚದ ಮೇಲೆ ಮಲಗಿ, ನಿಲ್ಲಿಸಬೇಡಿ, ನಿಲ್ಲಿಸಬೇಡಿ ಎಂದುಕೊಳ್ಳುತ್ತಿದ್ದೆ. ಆದರೆ ಅದೇ ವಾರ ಅಮ್ಮ ಟ್ರಂಕನ್ನು ಎಳೆದು ತೆಗೆದಳು. ಊರಿಗೆ ಹೋಗುತ್ತೇನೆ ಎಂದಳು. ಎಷ್ಟು ದಿನಕ್ಕೆ ಎಂದು ಅಪ್ಪ ಕೇಳಲಿಲ್ಲ. ಅವಳು ಸೀರೆಗಳ ಮೇಲೆ ತಾಮ್ರದ ಚೆಂಬು ಇಟ್ಟಳು, ತವರಿನಿಂದ ತಂದಿದ್ದ ತುರಿಮಣೆ ಇಟ್ಟಳು. ನಾಲ್ಕು ದಿನ ಇದ್ದು ಬರುವವರು ತುರಿಮಣೆ ಒಯ್ಯುವುದಿಲ್ಲ ಎಂಬುದು ನನಗೂ ತಿಳಿಯುತ್ತಿತ್ತು. ಅಮ್ಮ ಮೋರಿಗೆ ಹೋದಾಗ ನಾನು ಟ್ರಂಕಿನಲ್ಲಿ ಕೈ ಹಾಕಿ ಹುಡುಕಿದೆ. ನನ್ನ ಫ್ರಾಕು ಒಂದೂ ಇರಲಿಲ್ಲ.

ಅಪ್ಪ ಆ ಹೆಂಗಸಿನ ಚಿತ್ರ ಬರೆದು ಕೊಡುತ್ತೇನೆ ಎಂದದ್ದು ಆಗ.

"ನೀನು ಹೇಳು, ನಾನು ಬರೀತೇನೆ. ತಗೊಂಡು ಹೋಗು. ನಿನ್ನ ಅಮ್ಮನಿಗೂ ತೋರಿಸಬಹುದು."

"ಹಲಗೆಯಲ್ಲಿ ಇಡ್ಲಿ ಬರೆದ ಹಾಗೆ ಬರೀತೀರಾ?"

"ಎಣ್ಣೆಯಲ್ಲಿ ಬರೀತೇನೆ. ನಮ್ಮ ಧಣಿಗಳ ಮನೆಯಲ್ಲಿ ಅವರ ತಂದೆಯದ್ದು ಉಂಟಲ್ಲ, ಅದು ಎಣ್ಣೆಯದ್ದು. ನೂರು ವರ್ಷ ಇರ್ತದಂತೆ."

ಅಮ್ಮ ಟ್ರಂಕಿನ ಮುಚ್ಚಳದ ಮೇಲೆ ಕೈಯಿಟ್ಟಳು. "ಹಾಗಾದರೆ ಅದು ಒಣಗಿದ ಮೇಲೆ ಹೊರಡ್ತೇನೆ," ಎಂದಳು. ಟ್ರಂಕನ್ನು ಮುಚ್ಚಿ ಮಂಚದ ಕೆಳಗೆ ನೂಕಿದಳು. ಬೀಗ ಹಾಕಲಿಲ್ಲ.

ಹೋಟೆಲಿನಿಂದ ಮೈದಾದ ಖಾಲಿ ಚೀಲ ಬಂತು. ಅದನ್ನು ಬಿಚ್ಚಿ, ಒಗೆದು, ಟೊಮೆಟೊ ಪೆಟ್ಟಿಗೆಯ ಪಟ್ಟಿಗಳಿಂದ ಮಾಡಿದ ಚೌಕಟ್ಟಿಗೆ ಬಿಗಿದು ಮೊಳೆ ಹೊಡೆದರು. ಬಟ್ಟೆಯ ಹಿಂಬದಿಯಲ್ಲಿ ಗಿರಣಿಯ ಮುದ್ರೆ ಈಗಲೂ ತಿಳಿಯಾಗಿ ಕಾಣುತ್ತದೆ. ಅಮ್ಮ ಗಂಜಿಯ ತೆಳಿಗೆ ಸೀಮೆಸುಣ್ಣ ಕುಟ್ಟಿ ಹಾಕಿ ಅದರ ಮೇಲೆ ಬಳಿದಳು. ಅಪ್ಪನಿಗಿಂತ ಅವಳ ಕೈ ಸಮವಾಗಿತ್ತು. ಬಣ್ಣದ ಪುಡಿಗಳಿಗೆ ಅಪ್ಪ ನನ್ನನ್ನು ಕರೆದುಕೊಂಡು ಉಲ್ಹಾಸನಗರಕ್ಕೆ ಹೋದ. ಬಾಯಿಂದ ಒಳಗೆ ಕತ್ತಲೆಯಾಗುತ್ತ ಹೋಗುವ ಉದ್ದನೆಯ ಅಂಗಡಿ, ಗೋಣಿಗಳಲ್ಲಿ ಕಾವಿ, ಹಳದಿ, ನೀಲಿ, ಸೇರುಗಟ್ಟಲೆ ಮಾರುವ ಬಣ್ಣ. ಅಂಗಡಿಯವನು ಪೊಟ್ಟಣ ಕಟ್ಟುತ್ತ ಯಾತಕ್ಕೆ ಎಂದು ಕೇಳಿದ, ಅಪ್ಪ ಚಿತ್ರ ಬರೆಯಲಿಕ್ಕೆ ಎಂದ. ಆಗ ಅವನು ಹಿಂದಿನ ಕಪಾಟಿನಿಂದ ಅಗಸೆ ಎಣ್ಣೆಯ ಒಂದು ಬಾಟಲಿ ತೆಗೆದು ಗಾಜಿನ ಮೇಲೆ ಇಟ್ಟ.

"ಅಲ್ಸೀ ಕಾ ತೇಲ್ ಭೀ ಲೇ ಜಾವ್, ಸೇಠ್. ಇಸ್ಕೆ ಬಿನಾ ಸೂಖೇಗಾ ನಹೀಂ."

"ಘರ್ ಮೇ ತೇಲ್ ಹೈ," ಮನೆಯಲ್ಲಿ ಎಣ್ಣೆ ಇದೆ ಎಂದ ಅಪ್ಪ.

ಇದನ್ನು ನಾನು ಕೇಳಿದ್ದೇನೆ. ಬಾಟಲಿಯ ಬೂಚು, ಅದಕ್ಕೆ ಅಂಟಿದ್ದ ಧೂಳು ಎಲ್ಲ ಕಾಣುತ್ತದೆ. ಆದರೆ ಅಗಸೆ ಎಣ್ಣೆಯಿಲ್ಲದೆ ಬಣ್ಣ ಒಣಗುವುದಿಲ್ಲ ಎಂಬುದನ್ನು ನಾನು ತಿಳಿದದ್ದು ದೊಡ್ಡವಳಾದ ಮೇಲೆ. ತಿಳಿದ ಮೇಲೆ ಹಿಂದಕ್ಕೆ ಹೋಗಿ ಅಂಗಡಿಯವನ ಕೈಗೆ ಆ ಬಾಟಲಿಯನ್ನು ಕೊಟ್ಟವಳು ನಾನೇ ಆಗಿರಬಹುದು. ಅದರ ಮೇಲೆ ಧೂಳನ್ನೂ ಹಾಕಿರಬಹುದು. ನೆನಪು ಇಷ್ಟು ಚೆನ್ನಾಗಿ ಕೂಡಿಕೊಂಡಾಗ ನನಗೆ ಅದರ ಮೇಲೆ ಅನುಮಾನ ಬರುತ್ತದೆ.

ಮನೆಯಲ್ಲಿದ್ದ ಎಣ್ಣೆ ತೆಂಗಿನೆಣ್ಣೆ. ನಮ್ಮಲ್ಲಿ ಎಣ್ಣೆ ಎಂದರೆ ಬೇರೆ ಯಾವುದೂ ಇರಲಿಲ್ಲ. ತಲೆಗೆ ಅದು, ಪಲ್ಯಕ್ಕೆ ಅದು, ದೇವರ ದೀಪಕ್ಕೆ ಅದು. ಅಮ್ಮನ ತಾಯಿ ಊರಿನ ಗಾಣದಲ್ಲಿ ಆಡಿಸಿ, ಬಸ್ಸಿನಲ್ಲಿ ಬರುವವರ ಕೈಯಲ್ಲಿ ಡಬ್ಬ ತುಂಬಿಸಿ ಕಳಿಸುತ್ತಿದ್ದಳು. ಅಪ್ಪ ಆ ಡಬ್ಬವನ್ನೇ ಇಳಿಸಿ, ಒಂದು ಟೈಲ್ಸ್ ಚೂರಿನ ಮೇಲೆ ಪುಡಿ ಸುರಿದು, ಎಣ್ಣೆ ಬಿಟ್ಟು, ಲೋಟದ ತಳದಿಂದ ಅರೆದ. ಬಣ್ಣ ಬೆಣ್ಣೆಯ ಹಾಗೆ ಬಂತು. ಕೋಣೆಯಲ್ಲಿ ತಲೆ ಬಾಚಿದ ವಾಸನೆ ತುಂಬಿತು.

ಹೋಟೆಲಿನಲ್ಲಿ ಮಧ್ಯಾಹ್ನದ ಬಿಡುವಿಗೆ ಮನೆಗೆ ಬಂದಾಗೆಲ್ಲ ಅಪ್ಪ ಬರೆಯುತ್ತಿದ್ದ, ಅಮ್ಮ ಮಂಚದ ತುದಿಯಲ್ಲಿ ಕೂತು ಹೇಳುತ್ತಿದ್ದಳು. ಆಕಾಶ ಎಷ್ಟು, ನೀರು ಎಷ್ಟು, ದೋಣಿಯ ಮೂತಿ ಎತ್ತ. ಬಾಚಿ ಗುಡ್ಡೆ ಹಾಕಿದ ಉಪ್ಪನ್ನು ಅಪ್ಪ ಹೋಟೆಲಿನ ಅನ್ನದ ಗುಡ್ಡೆಯ ಹಾಗೆ ಬರೆದ, ಅಮ್ಮ ಅದಕ್ಕೆ ನಕ್ಕಳು. ಹೌದು, ನಕ್ಕಳು, ಇದನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

"ಸೀರೆ ಯಾವ ಬಣ್ಣ?"

"ಹಸಿರು. ಪಾಚಿ ಹಸಿರು."

"ಕಪ್ಪು ಬಿಳುಪು ಸಿನಿಮಾ ಮಾರಾಯ್ತಿ. ಹಸಿರು ನಿನಗೆ ಎಲ್ಲಿ ಕಂಡದ್ದು?"

"ಕಂಡಿತು."

ಈಗ ಆ ಸಿನಿಮಾವನ್ನು ನೆನೆದರೆ ನನಗೂ ಅದು ಬಣ್ಣದಲ್ಲೇ ಕಾಣುತ್ತದೆ, ಸೀರೆ ಹಸಿರಾಗಿ. ಪರದೆಯ ಮೇಲೆ ನಾನು ಏನನ್ನು ನೋಡಿದ್ದೆನೋ ಅದನ್ನು ಅಪ್ಪನ ಚಿತ್ರ ನುಂಗಿಬಿಟ್ಟಿದೆ.

ತಕರಾರು ಬಂದದ್ದು ಮುಖಕ್ಕೆ. ಅವಳು ತಿರುಗಿದ್ದಳೇ ಇಲ್ಲವೇ. ಅಮ್ಮನ ಪ್ರಕಾರ ಕೂಗು ಕೇಳಿಸಿದರೂ ಮುಖ ದೋಣಿಯ ಕಡೆಗೇ ಇರಬೇಕು. ಅಪ್ಪನ ಪ್ರಕಾರ ಕೂಗಿದಾಗ ಮನುಷ್ಯರು ತಿರುಗುತ್ತಾರೆ. ಅಪ್ಪ ಮುಖವನ್ನು ದಡದ ಕಡೆಗೆ ಬರೆದು ಹೋದರೆ ಅಮ್ಮ ಹಳೇ ಬಟ್ಟೆಯಿಂದ ಒರೆಸುತ್ತಿದ್ದಳು. ಅವಳ ಮಾತಿನಂತೆ ದೋಣಿಯ ಕಡೆಗೆ ಬರೆದರೆ, ಮಾರನೇ ದಿನ ಅಪ್ಪ ತಾನೇ ಒರೆಸಿ ಮತ್ತೆ ಶುರು ಮಾಡುತ್ತಿದ್ದ. ಬಣ್ಣ ಹಸಿಯಾಗಿಯೇ ಇದ್ದುದರಿಂದ ಇದು ಸುಲಭವಾಗಿತ್ತು.

"ಕೂಗಿದ್ದು ಯಾರೆಂದು ಗೊತ್ತಿಲ್ಲದೆ ಯಾಕೆ ತಿರುಗಬೇಕು?"

"ಯಾರೆಂದು ನೋಡಲಿಕ್ಕಾದರೂ ತಿರುಗಬೇಕಲ್ಲ ಗಿರಿಜಾ."

"ನೋಡಿದರೆ ಮತ್ತೆ ಹೋಗಲಿಕ್ಕೆ ಆಗ್ತದಾ?"

ಅಪ್ಪ ಕುಂಚವನ್ನು ಕೆಳಗಿಟ್ಟ. ಅದು ಅವನ ಶೇವಿಂಗ್ ಬ್ರಶ್ಶಿನಿಂದ ಕಿತ್ತು ಕಟ್ಟಿದ ಕುಂಚ. ಆ ಮಧ್ಯಾಹ್ನ ಅವನು ಮುಂದೆ ಬರೆಯಲಿಲ್ಲ. ಕೊನೆಗೆ ಮುಖ ಎರಡೂ ಕಡೆಗೆ ಅಲ್ಲದೆ ನೆಲದ ಕಡೆಗೆ ಬಂತು. ಅವಳು ತನ್ನ ಎರಡು ಕಾಲುಗಳ ನಡುವಿನ ನೀರನ್ನು ನೋಡುತ್ತಿರುವ ಹಾಗೆ. ಇಬ್ಬರೂ ಅದನ್ನು ಒಪ್ಪಿದರೋ, ಬೇಸತ್ತು ಬಿಟ್ಟರೋ.

ಒಣಗಲು ಅದನ್ನು ಎಲ್ಲಿಡುವುದು? ನೆಲದಲ್ಲಿಟ್ಟರೆ ಕಾಲು ತಾಗುತ್ತದೆ, ಗೋಡೆಗೆ ಒರಗಿಸಿದರೆ ಸುಣ್ಣ ಅಂಟುತ್ತದೆ. ಅಮ್ಮನೇ ಸ್ಟೂಲಿನ ಮೇಲೆ ಹತ್ತಿ ಹಗ್ಗ ಕಟ್ಟಿ ಅದನ್ನು ತೊಟ್ಟಿಲ ಕೊಕ್ಕೆಗೆ ತೂಗುಹಾಕಿದಳು. ಅಪ್ಪ ನೋಡುತ್ತಿದ್ದ. ದಿನವೂ ಬೆಳಿಗ್ಗೆ ನೀರು ಹಿಡಿದಾದ ಮೇಲೆ ಅಮ್ಮ ಅದರ ಬಳಿ ನಿಂತು ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು, ಮಗುವಿನ ಹಣೆ ಮುಟ್ಟಿ ನೋಡುವ ಹಾಗೆ ಬೆರಳಿನ ಹಿಂಬದಿಯಿಂದ. ಬೆರಳಿಗೆ ಬಣ್ಣ ಬರುತ್ತಿತ್ತು. ಅದನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗುತ್ತಿದ್ದಳು. ಚಾಳಿಗೆಲ್ಲ ಅದೊಂದು ತಮಾಷೆಯಾಯಿತು.

"ವಾಳ್ಲಂ ಕಾ ಗ, ಗಿರಿಜಾ?" ಒಣಗಿತೇನೆ ಎಂದು ಸುಲಭಾ ಕಾಕು ಗ್ಯಾಲರಿಯಿಂದಲೇ ಕೇಳುತ್ತಿದ್ದಳು.

"ನಾಹೀ ಹೋ ಕಾಕು."

"ನಿನ್ನ ಗಂಡ ಚಿತ್ರ ಬರೆದಿದ್ದಾನೋ ಉಪ್ಪಿನಕಾಯಿ ಹಾಕಿದ್ದಾನೋ?" ಇದನ್ನೂ ಕಾಕು ಮರಾಠಿಯಲ್ಲೇ ಕೇಳಿದಳು. ಅಮ್ಮ ಅದಕ್ಕೂ ಉತ್ತರ ಕೊಟ್ಟಳು, ಅದಕ್ಕೆ ಕಾಕು ಇನ್ನೇನೋ ಹೇಳಿದಳು. ಅಮ್ಮ ಮತ್ತೆ ಮಾತಾಡುವವಳಾಗಿದ್ದಳು. ಹಬ್ಬ ಬಂತು, ಚಳಿ ಬಂತು, ಮನೆಯಲ್ಲಿ ಮೀನು ಹುರಿದರು. ಚಿತ್ರದ ಮೇಲೆ ಸ್ಟೌವಿನ ಮಸಿ ಕೂತಿತು, ಬಟ್ಟೆಯ ಎಳೆ ಅಂಟಿತು, ಒಂದು ಸೊಳ್ಳೆ ಆಕಾಶದಲ್ಲಿ ಕೂತು ಅಲ್ಲೇ ಸತ್ತಿತು. ನಾನು ಶಾಲೆಯಿಂದ ಬಂದವಳೇ ಮೊದಲು ಮಂಚದ ಕೆಳಗೆ ಬಗ್ಗಿ ಟ್ರಂಕು ಇದೆಯೇ ನೋಡುತ್ತಿದ್ದೆ, ಆಮೇಲೆ ಚಿತ್ರವನ್ನು ಮುಟ್ಟುತ್ತಿದ್ದೆ. ಬೆರಳು ಅಂಟಿದರೆ ಆ ದಿನಕ್ಕೆ ನೆಮ್ಮದಿ.

ಬೇಸಿಗೆ ಹತ್ತಿರವಾದಾಗ ಊರಿನಿಂದ ಅಮ್ಮನ ಅಣ್ಣ ಬಂದ, ಅವಳನ್ನು ಕರೆದೊಯ್ಯಲಿಕ್ಕೆಂದೇ. ಬಸ್ಸಿಳಿದು ಬಂದ ಮಾವ ಚಪ್ಪಲಿ ಬಿಡುವ ಮೊದಲೇ ಚಿತ್ರವನ್ನು ನೋಡಿದ, ಹತ್ತಿರ ಹೋಗಿ ಅದಕ್ಕೆ ಬೆರಳು ಒತ್ತಿದ. ಬಿಳಿ ಅಂಗಿಯ ತೋಳಿಗೆ ಕಾವಿ ಹತ್ತಿತು.

"ಇದಾ ನಿನ್ನ ನೆಪ?"

"ಒಣಗಲಿ ಅಣ್ಣ. ಒಣಗಿದ ಕೂಡಲೆ ಹೊರಟೆ."

"ಒಣಗಿದ್ದೇ ಅಂಗಡಿಯಲ್ಲಿ ಸಿಗ್ತದೆ ಮಾರಾಯ್ತಿ. ಒಂದು ಕ್ಯಾಲೆಂಡರ್ ತಗೊಂಡು ಬಾ. ಅಲ್ಲಿ ಅಮ್ಮ ದಿನಾ ಬಾಗಿಲಿಗೆ ಕಣ್ಣು ಹಾಕಿ ಕೂತಿದ್ದಾಳೆ. ಅವಳಿಗೆ ಎಷ್ಟು ಪ್ರಾಯ ಆಯಿತು ಅಂತ ನೆನಪುಂಟಾ?"

ಅಮ್ಮ ಅಪ್ಪನ ಕಡೆಗೆ ನೋಡಿದಳು. ಅಪ್ಪ ಮಾವನ ಅಂಗಿಯ ತೋಳನ್ನು ನೋಡುತ್ತಿದ್ದ.

"ಅದು ಸೋಪು ಹಾಕಿದರೆ ಹೋಗ್ತದೆ ಭಾವ," ಎಂದ. ಚಿತ್ರದ ಬಗ್ಗೆ, ಹೊರಡುವುದರ ಬಗ್ಗೆ ಏನೂ ಹೇಳಲಿಲ್ಲ. ಮಾವ ಎರಡು ದಿನ ಇದ್ದು ಒಬ್ಬನೇ ಹಿಂದಿರುಗಿದ. ಹೋಗುವಾಗ ಖಾಲಿ ಎಣ್ಣೆ ಡಬ್ಬವನ್ನು ಅಮ್ಮ ಅವನ ಕೈಗೆ ಕೊಟ್ಟಳು, ಅಜ್ಜಿ ಮತ್ತೆ ತುಂಬಿಸಿ ಕಳಿಸಲೆಂದು.

ಡಬ್ಬ ಬರಲಿಲ್ಲ. ಒಂದು ಬೆಳಿಗ್ಗೆ, ಅಪ್ಪ ಮನೆಯಲ್ಲಿರಬಾರದ ಹೊತ್ತಿಗೆ, ಬಾಗಿಲಲ್ಲಿ ನಿಂತಿದ್ದ. ಹೋಟೆಲಿಗೆ ಊರಿನಿಂದ ಫೋನ್ ಬಂದಿತ್ತು. ಅವನು ಮೋರಿಗೆ ಹೋಗಿ ಕಾಲು ತೊಳೆದುಕೊಂಡು ಬಂದ.

"ಗಿರಿಜಾ, ಹೊರಡು. ಊರಿಗೆ ಹೋಗುವ."

"ಒಣಗಲಿಲ್ಲವಲ್ಲ."

"ಅದು ಇರಲಿ."

ಅಮ್ಮ ಅಪ್ಪನ ಮುಖವನ್ನು ನೋಡಿದಳು, ತಿಳಿದುಕೊಂಡಳು. ಅಳಲಿಲ್ಲ. ಚಿತ್ರದ ಹತ್ತಿರ ಹೋಗಿ, ಆ ಹೆಂಗಸಿನ ಮುಖದ ಮೇಲೆ ಬಲಗೈಯ ಅಂಗೈಯನ್ನು ಇಟ್ಟು ಒತ್ತಿ, ನಿಧಾನವಾಗಿ ಕೆಳಕ್ಕೆ ಎಳೆದಳು. ಮುಖ, ಕುತ್ತಿಗೆ, ಹಸಿರು ಸೀರೆಯ ಮೇಲುಭಾಗ ಎಲ್ಲ ಒಂದಾಗಿ ನೀರಿನವರೆಗೆ ಹರಿದವು. ಅಪ್ಪ ತಡೆಯಲಿಲ್ಲ. ಟ್ರಂಕನ್ನು ಎಳೆಯದೆ, ಕೈಗೆ ಸಿಕ್ಕಿದ ಬಟ್ಟೆ ಚೀಲ ಹಿಡಿದು ಹೊರಟೆವು. ಬಸ್ಸಿನಲ್ಲಿ ಅವಳು ಅಂಗೈಯನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು, ರೇಖೆಗಳಲ್ಲಿ ಹಸಿರು ಕೂತಿತ್ತು. ನಾವು ತಲುಪುವಾಗ ಅಜ್ಜಿಯ ಮನೆಯ ಅಂಗಳವನ್ನು ಗುಡಿಸಿ ನೀರು ಹಾಕಿ ಆಗಿತ್ತು. ನೋಡಲಿಕ್ಕೆ ಏನೂ ಉಳಿದಿರಲಿಲ್ಲ.

ಉತ್ತರಕ್ರಿಯೆ ಮುಗಿದ ಮೇಲೆ ಅಪ್ಪ ನನ್ನನ್ನು ಕರೆದುಕೊಂಡು ಡೊಂಬಿವಲಿಗೆ ಬಂದ. ಅಮ್ಮ ಅಲ್ಲೇ ಉಳಿದಳು. ಇಬ್ಬರೂ ಹೋಟೆಲಿನ ಪಾರ್ಸಲ್ ತಿಂದೆವು. ಅಪ್ಪ ಚಿತ್ರವನ್ನು ಕೊಕ್ಕೆಯಿಂದ ಇಳಿಸಿ ಮಂಚದ ಹಿಂದೆ ಗೋಡೆಗೆ ಮುಖ ಮಾಡಿ ಇಟ್ಟ. ಮಳೆ ಶುರುವಾದ ಮೇಲೆ ಒಂದು ದಿನ ಶಾಲೆಯಿಂದ ಬಂದರೆ ಅಮ್ಮ ಅಡುಗೆಕೋಣೆಯಲ್ಲಿ ಕೂತು ಕಾಯಿ ತುರಿಯುತ್ತಿದ್ದಳು. ಟ್ರಂಕಿನಿಂದ ತುರಿಮಣೆ ಹೊರಬಂದಿತ್ತು, ಚಿತ್ರ ಮತ್ತೆ ಕೊಕ್ಕೆಗೆ ಏರಿತ್ತು. "ಕೈಕಾಲು ತೊಳೆ," ಎಂದಳು. ಯಾಕೆ ಬಂದೆ ಎಂದು ಅವಳನ್ನು ಯಾರೂ ಕೇಳಲಿಲ್ಲ. ಆಮೇಲೆ ಅವರಿಬ್ಬರೂ ದೀರ್ಘಕಾಲ ಒಟ್ಟಿಗೆ ಬಾಳಿದರು. ಸಂತೆ, ಮದುವೆ, ನನ್ನ ಓದು, ಎಲ್ಲದರ ಬಗ್ಗೆ ಮಾತಾಡಿದರು. ಸಿನಿಮಾದ ಬಗ್ಗೆ ಅಪ್ಪನ ಹತ್ತಿರ ಅಮ್ಮ ಮತ್ತೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಈಗ ಆ ಚಿತ್ರ ಖಾರಘರದ ನನ್ನ ಫ್ಲ್ಯಾಟಿನಲ್ಲಿದೆ. ಮನೆ ಖಾಲಿ ಮಾಡುವಾಗ ಬೇರೆ ಎಲ್ಲವನ್ನೂ ಕೊಟ್ಟೆ, ಇದನ್ನು ಕೊಡಲು ಕೇಳುವವರಿರಲಿಲ್ಲ. ಬಟ್ಟೆಯಲ್ಲಿ ಸುತ್ತಿದರೆ ಬಟ್ಟೆ ಅಂಟುತ್ತದೆ. ನನ್ನ ಮಗಳು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರಿಸುವವಳು. ಒಮ್ಮೆ ಅದನ್ನು ಮುಟ್ಟಿ ಬೆರಳು ನೋಡಿಕೊಂಡು, "ಮಮ್ಮಿ, ಯೇ ತೋ ಅಭೀ ಭೀ ಗೀಲಾ ಹೈ," ಎಂದಳು. ಈಗಲೂ ಹಸಿ. ಮೊಬೈಲಿನಲ್ಲಿ ಹುಡುಕಿ, ತೆಂಗಿನೆಣ್ಣೆ ಗಾಳಿಗೆ ಒಣಗುವ ಜಾತಿಯದ್ದಲ್ಲ, ಇನ್ನೂ ನೂರು ವರ್ಷ ಇಟ್ಟರೂ ಹೀಗೇ ಇರುತ್ತದೆ ಎಂದು ಓದಿ ಹೇಳಿದಳು. ಸಿನಿಮಾವನ್ನೂ ಹುಡುಕಿದಳು, ನಾನು ಹೇಳಿದ ಎರಡೂ ಹೆಸರಿನಲ್ಲಿ. ಸಿಗಲಿಲ್ಲ. ಚಿತ್ರದಲ್ಲಿ ಮುಖವಿದ್ದ ಕಡೆ ಅಮ್ಮನ ಅಂಗೈಯ ಗುರುತಿದೆ, ಅದರಲ್ಲಿ ಒಂದು ಕೂದಲು ಸಿಕ್ಕಿಕೊಂಡಿದೆ, ಬಹಳ ಮೃದುವಾದದ್ದು. ಅದು ತಮ್ಮನದ್ದಲ್ಲ, ಚಿತ್ರ ಬರೆಯುವಾಗ ಅವನಿರಲಿಲ್ಲ. ಇಷ್ಟು ಸರಳ ಲೆಕ್ಕವನ್ನು ನಾನು ಪ್ರತಿ ಸಲ ಹೊಸದಾಗಿ ಮಾಡಬೇಕಾಗುತ್ತದೆ.

ಅಮ್ಮ ಹೋದ ಮೇಲೆ ಅಪ್ಪ ಕೆಲವು ಕಾಲ ನನ್ನ ಜೊತೆಗಿದ್ದ. ಬಾಲ್ಕನಿಯಲ್ಲಿ ಗುಡ್ಡಕ್ಕೆ ಮುಖ ಮಾಡಿ ಕೂರುತ್ತಿದ್ದ. ಒಂದು ಸಂಜೆ ಕೇಳಿದೆ.

"ಅಪ್ಪ, ಆ ಅಂಗಡಿಯವ ಅಗಸೆ ಎಣ್ಣೆ ತಗೊಳ್ಳಿ ಅಂದದ್ದು ನೆನಪುಂಟಾ?"

"ಯಾವ ಅಂಗಡಿ?"

"ಉಲ್ಹಾಸನಗರದ್ದು. ನಾನೂ ಬಂದಿದ್ದೆ."

"ನಿನ್ನನ್ನು ನಾನು ಉಲ್ಹಾಸನಗರಕ್ಕೆ ಯಾವಾಗ ಕರ್ಕೊಂಡು ಹೋದದ್ದು?"

ಕೆಳಗೆ ಮಕ್ಕಳು ಸೈಕಲ್ ಓಡಿಸುತ್ತಿದ್ದರು.

"ಒಳ್ಳೆ ಎಣ್ಣೆ ಅದು," ಎಂದ ಅಪ್ಪ. "ನಿನ್ನ ಅಜ್ಜಿ ಕಳಿಸಿದ್ದು."

ಅವನಿಗೆ ಗೊತ್ತಿತ್ತೋ ಇಲ್ಲವೋ, ಅಲ್ಲಿಗೆ ಬಿಟ್ಟೆ. ಗೊತ್ತಿದ್ದರೆ, ಹೆಂಡತಿಯನ್ನು ಉಳಿಸಿಕೊಳ್ಳಲು ಅವಳಿಂದ ಅವಳ ತಾಯಿಯ ಕೊನೆಯ ದಿನಗಳನ್ನು ಕಿತ್ತುಕೊಂಡ. ಗೊತ್ತಿಲ್ಲದಿದ್ದರೆ, ತನ್ನ ಊರಿನ ಎಣ್ಣೆಯನ್ನು ನಂಬಿದ ಒಬ್ಬ ಹೋಟೆಲಿನವನು, ಅಷ್ಟೆ. ಬಹಳ ವರ್ಷ ನಾನು ಈ ಎರಡರ ನಡುವೆಯೇ ಓಡಾಡಿದ್ದೇನೆ, ಪ್ರಶ್ನೆ ಅಪ್ಪನದ್ದೇ ಎಂದುಕೊಂಡು. ಆದರೆ ಇನ್ನೊಂದು ನೆನಪಿದೆ. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಇಲ್ಲಿಯವರೆಗೆ ಬದಿಗಿಟ್ಟು ಬರೆದೆ.

ಅಮ್ಮ ಮಂಚದ ಮೇಲೆ, ನಾನು ಕೆಳಗೆ ಅವಳ ಮೊಣಕಾಲುಗಳ ನಡುವೆ. ಅವಳು ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಾಳೆ. ನಾನು ಕೇಳುತ್ತೇನೆ.

"ಅಮ್ಮ, ಚಿತ್ರ ಯಾವಾಗ ಒಣಗ್ತದೆ?"

"ತಲೆಗೆ ಹಾಕಿದ ಎಣ್ಣೆ ಒಣಗಿದ್ದನ್ನು ಎಲ್ಲಾದರೂ ಕಂಡಿದ್ದೀಯಾ ಮಗಾ?"

ಅಷ್ಟೆ. ಅವಳಿಗೆ ಗೊತ್ತಿತ್ತು. ನಮ್ಮ ಕಡೆಯ ಯಾವ ಹೆಂಗಸಿಗೆ ಅದು ಗೊತ್ತಿರುವುದಿಲ್ಲ? ಈ ಮಾತು ಅಜ್ಜಿ ಬದುಕಿದ್ದಾಗ ಆಡಿದ್ದಾದರೆ, ದಿನವೂ ಬೆಳಿಗ್ಗೆ ಬೆರಳಿಟ್ಟು ನೋಡುತ್ತಿದ್ದವಳು ಒಣಗುವುದಿಲ್ಲ ಎಂದು ತಿಳಿದೇ ನೋಡುತ್ತಿದ್ದಳು, ಹೋಗದೆ ಉಳಿದದ್ದು ಅವಳದೇ ನಿರ್ಧಾರ, ನನ್ನ ಫ್ರಾಕು ಇಲ್ಲದ ಆ ಟ್ರಂಕು ಬರೀ ಟ್ರಂಕು. ಅಜ್ಜಿ ಹೋದ ಮೇಲೆ ಆಡಿದ್ದಾದರೆ, ಅದು ಅಪ್ಪನ ಮೇಲಿನ ದೂರು, ಅವಳು ಯಾರಲ್ಲೂ ಹೇಳದೆ ನನ್ನ ನೆತ್ತಿಗೆ ಹೇಳಿದ ಒಂದೇ ಒಂದು ದೂರು. ಯಾವುದೆಂದು ತಿಳಿಯುವುದು ಕಷ್ಟವಾಗಬಾರದು. ನಾನು ಕೂತಲ್ಲಿಂದ ಎದುರಿಗೇ ಚಿತ್ರವಿತ್ತು. ಆ ಹೆಂಗಸಿಗೆ ಆಗ ಮುಖವಿತ್ತೇ, ಅಥವಾ ಅಂಗೈಯ ಗುರುತಿತ್ತೇ ಎಂದು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಆದರೆ ಪ್ರತಿ ಸಲವೂ ಅಮ್ಮ ಬೈತಲೆ ತೆಗೆಯಲು ನನ್ನ ತಲೆಯನ್ನು ಮುಂದಕ್ಕೆ ಬಗ್ಗಿಸುತ್ತಾಳೆ, ನನಗೆ ಕಾಣುವುದು ನೆಲದ ಶಹಾಬಾದಿ ಕಲ್ಲು, ಅದರ ಮೇಲೆ ಬಿದ್ದ ಒಂದು ಹನಿ ಎಣ್ಣೆ. ಅವಳು ಆ ಮಾತನ್ನು ಮೊದಲು ಹೇಳಿದಳೋ ಆಮೇಲೆ ಹೇಳಿದಳೋ ನನಗೆ ಗೊತ್ತಿಲ್ಲ.